ಅಮ್ಮ ನಿಂತುಬಿಟ್ಟ ಮನೆ

18 ಅಕ್ಟೋಬರ್ 2025, ಶನಿವಾರ
ಕೋಲ್ಡಿಂಗ್, ಡೆನ್ಮಾರ್ಕ್

ಅಮ್ಮ ಮೈಸೂರಿಂದ ಬಂದು ಮೂರು ವಾರ ಆಯಿತು. ಇವತ್ತು ಬಸ್ಸು ಹತ್ತಿಸಿ ಕ್ರಿಶ್ಚಿಯನ್ಸ್‌ಫೆಲ್ಡ್‌ಗೆ ಕರೆದುಕೊಂಡು ಹೋದೆ.

ಚಿಕ್ಕ ಊರು. ಉದ್ದಕ್ಕೆ ಎರಡು ಬೀದಿ, ನಡುವೆ ಚರ್ಚಿನ ಚೌಕ. ಹಳದಿ ಇಟ್ಟಿಗೆಯ ಗೋಡೆ, ಕೆಂಪು ಹೆಂಚು. 1773ರಲ್ಲಿ ಮೊರಾವಿಯನ್ ಪಂಥದ ಪ್ರೊಟೆಸ್ಟೆಂಟರು ಮೊದಲೇ ನಕ್ಷೆ ಹಾಕಿಕೊಂಡು ಕಟ್ಟಿದ್ದು. ಡೆನ್ಮಾರ್ಕಿನ ಆಗಿನ ದೊರೆ ಏಳನೇ ಕ್ರಿಶ್ಚಿಯನ್‌ಗೆ ಇವರ ಕೈಕಸುಬು ಬೇಕಿತ್ತು. ಹತ್ತು ವರ್ಷ ತೆರಿಗೆ ಕೊಡಬೇಡಿ ಎಂದು ಬಿಟ್ಟ. ಊರಿಗೆ ಅವನದೇ ಹೆಸರು.

ಚರ್ಚಿನೊಳಗೆ ಎಲ್ಲವೂ ಬಿಳಿ. ಅಷ್ಟು ದೊಡ್ಡ ಸಭಾಂಗಣದಲ್ಲಿ ಒಂದೇ ಒಂದು ಕಂಬ ಇಲ್ಲ. ನೆಲದ ಹಲಗೆ ಮೇಲೆ ಬಿಳಿ ಮರಳು ಉದುರಿಸಿದ್ದಾರೆ, ಕಾಲಿಟ್ಟರೆ ಕರಕರ ಅನ್ನುತ್ತದೆ. "ದೇವರ ಫೋಟೋನೇ ಇಲ್ವಲ್ಲೇ," ಎಂದು ಅಮ್ಮ ಮೆಲ್ಲಗೆ ಕೇಳಿದಳು. ಆದರೂ ಕೈ ಮುಗಿದಳು.

ಅವರ ಸ್ಮಶಾನದಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಕಲ್ಲುಗಳೆಲ್ಲ ಒಂದೇ ಥರ, ನೆಲಕ್ಕೆ ಅಂಟಿಕೊಂಡ ಹಾಗೆ ಮಲಗಿವೆ. ಸತ್ತ ಮೇಲೆ ದೊಡ್ಡವರು, ಚಿಕ್ಕವರು ಅಂತಿಲ್ಲ. ನನಗೆ ಇದು ತುಂಬಾ ಇಷ್ಟ. ಅಮ್ಮನಿಗೆ ಮಾತ್ರ ಗಂಡ ಹೆಂಡತಿಯನ್ನು ಬೇರೆ ಬೇರೆ ಮಲಗಿಸಿದ್ದು ಒಪ್ಪಿಗೆಯಾಗಲಿಲ್ಲ.

ಕಳೆದ ವರ್ಷ ದೆಹಲಿಯಲ್ಲಿ ಯುನೆಸ್ಕೋ ಸಭೆ ನಡೆದಾಗ ಮೊರಾವಿಯನ್ನರದೇ ಇನ್ನೂ ಮೂರು ಊರುಗಳನ್ನು ಇದರ ಜೊತೆ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದರು. ಕ್ರಿಶ್ಚಿಯನ್ಸ್‌ಫೆಲ್ಡ್ 2015ರಿಂದಲೇ ಇದೆ.

ಮದುವೆಯಾಗದ ಗಂಡಸರಿಗೆ ಒಂದು ಮನೆ, ಹೆಂಗಸರಿಗೆ ಒಂದು ಮನೆ. ಗಂಡ ತೀರಿಕೊಂಡವರಿಗೆ ಬೇರೆಯದೇ ಮನೆ, 1779ರದು. ಅದನ್ನು ಹೇಳಿದ್ದೇ ತಡ, ಅಮ್ಮ ನಿಂತುಬಿಟ್ಟಳು. ಕಿಟಕಿಗಳನ್ನು ಒಂದೊಂದಾಗಿ ನೋಡಿದಳು.

"ಎಲ್ಲರೂ ಒಟ್ಟಿಗೇ ಊಟ ಮಾಡ್ತಿದ್ರಾ?"

"ಹೌದಮ್ಮ, ಒಟ್ಟಿಗೇ ಇರುತ್ತಿದ್ದರು."

"ಹಾಗಿದ್ರೆ ಸಂಜೆ ಹೊತ್ತು ಕಷ್ಟ ಆಗ್ತಿರಲಿಲ್ಲ ಬಿಡು."

ಅಪ್ಪ ಹೋಗಿ ಎರಡು ವರ್ಷ. ಫೋನಿನಲ್ಲಿ ಒಂದು ದಿನವೂ ಸಂಜೆಯ ಮಾತು ಎತ್ತಿದವಳಲ್ಲ. ನಾನೂ ಕೇಳಿರಲಿಲ್ಲ.

ಬರುವಾಗ ಈ ಊರಿನ ಜೇನು ಕೇಕು ತಂದೆವು. 1783ರಿಂದ ಇಲ್ಲಿ ಮಾಡುತ್ತಾ ಬಂದಿದ್ದಾರಂತೆ. ಅಮ್ಮ ಮೂಸಿ ನೋಡಿ "ಲವಂಗ ಹಾಕಿದ್ದಾರೆ" ಅಂದಳು. ಈಗ ಒಳಗೆ ಮಲಗಿದ್ದಾಳೆ. ಬಾಗಿಲ ಹತ್ತಿರ ಅವಳ ಶೂ ಕೊಡವಿದೆ, ಒಂದು ಚಿಟಿಕೆ ಬಿಳಿ ಮರಳು ಬಿತ್ತು. ನಾಳೆ ಅವಳ ವಾಪಸ್ ಟಿಕೆಟ್ಟು ಮುಂದಕ್ಕೆ ಹಾಕಿಸುವುದಕ್ಕೆ ಆಗುತ್ತಾ ಕೇಳಬೇಕು.