ತಂಗಿ ಕೋನಾಗೆ ಹೊರಟಿದಾಳೆ
ದೊಡ್ಡಮ್ಮನ ಮಗಳು ಹವಾಯಿಯ ಕೋನಾಗೆ ಹೊರಟಿದಾಳೆ, ಅಲ್ಲಿನ ವೈವ್ಯಾಮ್ (ಯೂತ್ ವಿತ್ ಎ ಮಿಷನ್) ಬೇಸಲ್ಲಿ ಡಿಟಿಎಸ್ ಅನ್ನೋ ಶಿಷ್ಯತ್ವದ ತರಬೇತಿ ಮಾಡೋಕೆ, 1960ರಲ್ಲಿ ಶುರುವಾದ ಕ್ರೈಸ್ತ ಮಿಷನ್ ಅದು, ಮೊದಲು ಕ್ಲಾಸು ಆಮೇಲೆ ಹೊರಗಡೆ ಹೋಗಿ ಸೇವೆ-ಪ್ರಚಾರ ಮಾಡೋ ಔಟ್‌ರೀಚು. ಕೋಲಾರದ ಮನೇಲಿ ಈಗ ಬರೀ ಪ್ಯಾಕಿಂಗ್ ಮಾತು. ದೊಡ್ಡಮ್ಮ ಮಿಕ್ಸಿ ಕಳಿಸ್ತೀನಿ ಅಂತ ಹಟ ಹಿಡಿದು ಕೂತಿದ್ರು, ಅಲ್ಲಿ ಕರೆಂಟು 120 ವೋಲ್ಟು ದೊಡ್ಡಮ್ಮ, ನಮ್ಮ 230ರ ಮಿಕ್ಸಿ ಸರಿಯಾಗಿ ತಿರುಗಲ್ಲ ಅಂತ ಹೇಳಿ ತಡೆದಿದ್ದಾಯ್ತು. ಫೋನ್ ಚಾರ್ಜರಿಗೆ ಚಪ್ಪಟೆ ಪಿನ್ನಿನ ಅಡಾಪ್ಟರ್ ಸಾಕು. ಹುಳಿಪುಡಿ ಚಟ್ನಿಪುಡಿ ಎಲ್ಲಾ ಚೆಕ್-ಇನ್ ಬ್ಯಾಗಿಗೆ, ಅಮೆರಿಕದ ಫ್ಲೈಟಲ್ಲಿ ಕೈಲಿ 350 ಎಂಎಲ್‌ಗಿಂತ ಜಾಸ್ತಿ ಪುಡಿ ಇದ್ರೆ ತಕರಾರು.

ನಂಗೆ ಯೋಚನೆ ಸಾಮಾನಿಂದಲ್ಲ, ಬಂಕ್ ಬೆಡ್ಡಿನ ರೂಮಿಂದು. ಯಾವ್ಯಾವುದೋ ದೇಶದ ಹುಡುಗೀರು, ಒಂದೇ ಬಾತ್‌ರೂಮು, ಪಾತ್ರೆ ತೊಳೆಯೋದೋ ಕಸ ಗುಡಿಸೋದೋ ಡ್ಯೂಟಿ ಬೇರೆ, ಇಲ್ಲಿ ಉಂಡ ತಟ್ಟೆ ಎತ್ತಿಡೇ ಅಂದ್ರೆ ಕೇಳಲ್ಲ ಇವಳು! ಇಯರ್‌ಪ್ಲಗ್ಗು, ಬೀಗ, ಬಾತ್‌ರೂಮ್ ಚಪ್ಪಲಿ ಮರೀಬೇಡ ಅಂದಿದೀನಿ. ನೂರು ವರ್ಷದ ಹಿಂದೆ ಅಮೆರಿಕದ ಮೆಥಡಿಸ್ಟ್ ಮಿಷನ್ನೋರು ನಮ್ಮ ಕೋಲಾರಕ್ಕೆ ಬಂದು ಆಸ್ಪತ್ರೆ ಕಟ್ಟಿದ್ರಲ್ಲ, ಅವರಿಗೆ ಮುದ್ದೆ ನುಂಗೋದು ಹೆಂಗೆ ಅಂತ ಯಾರು ಹೇಳಿ ಕಳಿಸಿದ್ರೋ.

ಅಂದಹಾಗೆ ಅಲ್ಲಿ ಟೈಮು ನಮಗಿಂತ ಹದಿನೈದೂವರೆ ಗಂಟೆ ಹಿಂದೆ, ದೊಡ್ಡಮ್ಮಂಗೆ ಅದಿನ್ನೂ ತಲೆಗೆ ಹತ್ತಿಲ್ಲ.