ಗೋಡೆಗೋ, ಮಂಚಕ್ಕೋ

14 ಜೂನ್ 2025, ಶನಿವಾರ

ಹಜಾರದ ದೊಡ್ಡ ಗೋಡೆಯ ಮೇಲೆ ಅಜ್ಜಿಯ ಕೌದಿಯನ್ನು ಗಾಜಿನ ಚೌಕಟ್ಟಿನಲ್ಲಿ ತೂಗುಹಾಕಬೇಕೆಂಬ ಬಹುದಿನಗಳ ಆಸೆಯನ್ನು ಇಂದು ಅಕ್ಕನ ಮುಂದೆ ಹೇಳಿದೆ. ಅವಳು ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು, ಹೊಲಿಗೆಯ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಸುಮ್ಮನಿದ್ದಳು. ಕೊನೆಗೆ, "ಅಜ್ಜಿ ಇದನ್ನು ಹೊದೆಯಲೆಂದು ಹೊಲಿದಳು ಕಣೇ, ನೋಡಲೆಂದಲ್ಲ. ಗಾಜಿನೊಳಗೆ ಹಾಕಿಬಿಟ್ಟರೆ ಇದು ಮನೆಯೋ, ಮ್ಯೂಸಿಯಮ್ಮೋ?" ಎಂದಳು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈ ಮನೆಗೆ ಬಂದಾಗಿನಿಂದ ನನ್ನನ್ನು ಕಾಡುತ್ತಿರುವುದು ಇದರ ತದ್ವಿರುದ್ಧ ಕೊರತೆ. ಬಿಳಿ ಗೋಡೆ, ಬೂದು ಸೋಫಾ, ಎಲ್ಲೆಡೆ ಒಂದೇ ಬಗೆಯ ಪರದೆ. ಎಲ್ಲವೂ ಒಪ್ಪವಾಗಿಯೇ ಇದೆ, ಆದರೆ ಹೋಟೆಲಿನ ಕೋಣೆಯಂತೆ ಇಲ್ಲಿ ಯಾರು ಬೇಕಾದರೂ ಇರಬಹುದು. ಬಾಗಿಲು ತೆರೆದು ಒಳಗೆ ಬಂದವರಿಗೆ ನಾವು ಯಾರ ಮಕ್ಕಳು, ಯಾರ ಮೊಮ್ಮಕ್ಕಳು, ನಮಗೆ ಯಾವ ಬಣ್ಣ ಇಷ್ಟ, ಸಂಜೆ ಎಲ್ಲಿ ಕುಳಿತು ಓದುತ್ತೇವೆ ಎಂಬುದರ ಸುಳಿವೂ ಸಿಗುವುದಿಲ್ಲ. ಆ ಕೌದಿಯಲ್ಲಾದರೋ ಎಲ್ಲರೂ ಇದ್ದಾರೆ. ತಾತನ ಅಂಗಿಯ ನೀಲಿ ಗೆರೆಯಿದೆ, ಅಮ್ಮನ ಹಳೆಯ ಸೀರೆಯ ಕೆಂಪು ಅಂಚಿದೆ, ಅಕ್ಕ ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಫ್ರಾಕಿನ ಚುಕ್ಕೆಯಿದೆ. ಸಾಲುಸಾಲಾಗಿ ಅಕ್ಕಿಕಾಳಿನಷ್ಟು ಸಣ್ಣದಾಗಿ ಸಾಗುವ ಹೊಲಿಗೆ ಎಡ ಮೂಲೆಗೆ ಬರುತ್ತಿದ್ದಂತೆ ದೊಡ್ಡದಾಗಿ ಓರೆಯಾಗುತ್ತದೆ. ಅಲ್ಲಿ ಸೂಜಿ ಹಿಡಿದಿದ್ದು ಆಗಿನ್ನೂ ಹೊಲಿಗೆ ಕಲಿಯುತ್ತಿದ್ದ ಅಮ್ಮನಂತೆ. ಅಜ್ಜಿ ಅದನ್ನು ಬಿಚ್ಚಿ ಮತ್ತೆ ಹೊಲಿಯದೆ ಹಾಗೆಯೇ ಉಳಿಸಿದಳು.

ಅಕ್ಕ ಮ್ಯೂಸಿಯಂ ಎಂದಾಗ ನನಗೆ ಲಂಡನ್ನಿನ ವಾಸ್ತುಶಿಲ್ಪಿ ಜಾನ್ ಸೋನ್ ನೆನಪಾದರು. ಅವರು ತಮ್ಮ ಮನೆಯನ್ನು ಶಿಲ್ಪ, ಚಿತ್ರ, ಪ್ರಾಚೀನ ವಸ್ತುಗಳಿಂದ ತುಂಬಿ, ತಮ್ಮ ಕಾಲಾನಂತರವೂ ಅದು ಆದಷ್ಟು ಹಾಗೆಯೇ ಉಳಿಯಬೇಕೆಂದು 1833ರಲ್ಲಿ ಬ್ರಿಟಿಷ್ ಸಂಸತ್ತಿನಿಂದ ಒಂದು ಕಾಯ್ದೆಯನ್ನೇ ಮಾಡಿಸಿಕೊಂಡರು. ಅವರು ತೀರಿಕೊಂಡದ್ದು 1837ರಲ್ಲಿ. ಆ ಮನೆಯ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೆ ಕಾಯ್ದೆಯಿಂದ ನಿಲ್ಲಿಸಿದ ಮನೆಯಲ್ಲಿ ಮಗುವೊಂದು ಗೋಡೆಯ ಮೇಲೆ ಗೀಚುವಂತಿಲ್ಲ, ಕುರ್ಚಿಯನ್ನು ಕಿಟಕಿಯ ಕಡೆಗೆ ಎಳೆದುಕೊಳ್ಳುವಂತಿಲ್ಲ. ನನಗೆ ಬೇಕಾದದ್ದು ಅಂಥದ್ದಲ್ಲ.

ಬೇಕಾದದ್ದಕ್ಕೆ ಹತ್ತಿರವಿರುವುದು ಮೆಕ್ಸಿಕೋದ ಚಿತ್ರಕಲಾವಿದೆ ಫ್ರೀಡಾ ಕಾಲೋ ಅವರ ನೀಲಿ ಮನೆ. ಅವರು ಬೆಳೆದದ್ದೂ ಅಲ್ಲಿಯೇ, 1954ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ಅವರ ತಂದೆ ಜರ್ಮನಿಯಿಂದ ಬಂದ ಛಾಯಾಗ್ರಾಹಕ, ತಾಯಿ ಮೆಕ್ಸಿಕೋದವರು. ಎರಡು ಪರಂಪರೆಗಳು ಕೈಗೆ ಬಂದಿದ್ದರೂ ಮನೆಯ ಗೋಡೆ, ಕಪಾಟುಗಳಿಗೆ ಅವರು ಆರಿಸಿಕೊಂಡದ್ದು ಹೆಚ್ಚಾಗಿ ಮೆಕ್ಸಿಕೋದ ಜನಪದ ಕಲೆಯನ್ನು: ಮಣ್ಣಿನ ಪಾತ್ರೆಗಳು, ಕಾಗದದ ಬೊಂಬೆಗಳು, ಹರಕೆಯ ಪುಟ್ಟ ಚಿತ್ರಗಳು. ಅಡುಗೆಮನೆಯ ಗೋಡೆಯ ಮೇಲೆ ತಮ್ಮ ಮತ್ತು ಪತಿ ಡಿಯೇಗೋ ಅವರ ಹೆಸರುಗಳನ್ನು ಅಂಗೈಯಲ್ಲಿ ಅಡಗುವಂಥ ಮಣ್ಣಿನ ಕುಡಿಕೆಗಳಿಂದ ಮೂಡಿಸಿದ್ದಾರೆ. ಬಂದದ್ದನ್ನೆಲ್ಲ ತಲೆಯ ಮೇಲೆ ಹೊತ್ತು ತಿರುಗದೆ, ಅದರಲ್ಲಿ ತನಗೆ ಬೇಕಾದದ್ದನ್ನು ಆರಿಸಿ ಎತ್ತಿ ಹಿಡಿಯುವುದರಲ್ಲಿಯೇ ಒಬ್ಬರ ವ್ಯಕ್ತಿತ್ವ ಕಾಣುತ್ತದೆ ಎಂದು ನಾನು ನಂಬಿದ್ದೇನೆ. ಅಜ್ಜಿಯ ಮನೆಯ ಹಿತ್ತಾಳೆಯೆಲ್ಲವನ್ನೂ ತಂದು ಸಾಲಾಗಿ ನಿಲ್ಲಿಸಿದ ಮಾತ್ರಕ್ಕೆ ಈ ಮನೆ ನನ್ನದಾಗುವುದಿಲ್ಲ. ನನಗೆ ಖಾಲಿ ಜಾಗ ಬೇಕು, ಓದಲು ಬೆಳಕು ಬೇಕು. ಅವುಗಳ ನಡುವೆ ಆ ಒಂದು ಕೌದಿ ಬೇಕು.

ನನ್ನ ಗಂಡನ ತಾತನ ಗೋಡೆ ಗಡಿಯಾರದ ಮಾತೂ ಬಂತು. ಅದು ನಡೆಯುವುದಿಲ್ಲ. ದುರಸ್ತಿ ಮಾಡಿಸೋಣವೆಂದರೆ ಇವರು, "ತಾತ ಇದ್ದಾಗಲೂ ಅದು ನಿಂತೇ ಇತ್ತು" ಎನ್ನುತ್ತಾರೆ. ಆ ಚರ್ಚೆ ಇನ್ನೊಂದು ದಿನಕ್ಕಿರಲಿ.

ಕೌದಿಯ ವಿಷಯದಲ್ಲಿ ನನ್ನ ನಿಜವಾದ ಆತಂಕ ಬೆಳಕಿನದು. ಹಜಾರದ ಆ ಗೋಡೆಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತದೆ. ಮ್ಯೂಸಿಯಮ್ಮುಗಳಲ್ಲಿ ಹಳೆಯ ಬಟ್ಟೆಯ ಮೇಲೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತಾರೆ. ನೇರ ಬಿಸಿಲಾದರೆ ಹತ್ತಾರು ಸಾವಿರ ಲಕ್ಸ್ ಮುಟ್ಟುತ್ತದೆ. ಅತಿನೇರಳೆ ಕಿರಣಗಳನ್ನು ತಡೆಯುವ ಗಾಜು ಹಾಕಿದರೂ ಕಣ್ಣಿಗೆ ಕಾಣುವ ಬೆಳಕೇ ಬಣ್ಣವನ್ನು ತಿನ್ನುತ್ತದೆ, ಒಮ್ಮೆ ಮಾಸಿದ ಬಣ್ಣ ಮತ್ತೆ ಮರಳುವುದಿಲ್ಲ. ಗಾಜಿಗೆ ಬಟ್ಟೆ ಅಂಟಿಕೊಂಡಿದ್ದರೆ ಒಳಗೆ ತೇವ ನಿಂತು ಬೂಷ್ಟು ಹಿಡಿಯುವ ಭಯ ಬೇರೆ. ಅದಕ್ಕಿಂತ, ಬಿಸಿಲು ತಾಗದ ಒಳಗಿನ ನಡುಮನೆಯ ಗೋಡೆಯೇ ಸರಿ. ಕೌದಿಯ ಹಿಂಬದಿಗೆ ಅದರ ಅಗಲದುದ್ದಕ್ಕೂ ಬಟ್ಟೆಯ ಪಟ್ಟಿಯೊಂದನ್ನು ಕೈಯಿಂದ ಹೊಲಿದು, ಅದರೊಳಗೆ ಕೋಲು ತೂರಿಸಿ ತೂಗುಹಾಕಿದರೆ ಭಾರ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ. ಮೊಳೆಯಿಂದ ಮೂಲೆಗಳನ್ನು ಮಾತ್ರ ಹಿಡಿದರೆ ಹಳೆಯ ನೂಲು ಅಲ್ಲಿಯೇ ಹರಿಯುತ್ತದೆ. ಕೆಲವು ತಿಂಗಳು ಗೋಡೆಯ ಮೇಲೆ, ಉಳಿದ ತಿಂಗಳು ಮಡಿಕೆಯ ಗೆರೆ ಬೀಳದಂತೆ ಕೊಳವೆಗೆ ಸುತ್ತಿ ಕಪಾಟಿನಲ್ಲಿ.

ಇದನ್ನೆಲ್ಲ ಹೇಳಿದಾಗ ಅಕ್ಕ ಅರ್ಧ ಒಪ್ಪಿದಳು. "ಕಪಾಟಿನಲ್ಲಿ ಇಡುವ ತಿಂಗಳುಗಳಲ್ಲಿ ನನಗೆ ಕೊಡು, ನಾನು ಹೊದೆಯುತ್ತೇನೆ" ಎಂದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು. ಹೊದ್ದರೆ ಸವೆಯುತ್ತದೆ ಎಂಬುದು ಅವಳಿಗೂ ಗೊತ್ತು. ಸವೆಯಲೆಂದೇ ಮಾಡಿದ ವಸ್ತುವನ್ನು ಸವೆಯದಂತೆ ಕಾಯುವುದು ಪ್ರೀತಿಯೋ, ಅಲ್ಲವೋ ಎಂದು ಆಗಿನಿಂದ ಯೋಚಿಸುತ್ತಿದ್ದೇನೆ. ಅವಳಿಗೆ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ, ಹೂಂ ಎನ್ನಲೂ ಧೈರ್ಯವಾಗಲಿಲ್ಲ.

ಒಂದು ಕೆಲಸವನ್ನಂತೂ ನಾಳೆಯೇ ಮಾಡಬೇಕು. ಕೌದಿಯ ಹಿಂಬದಿಗೆ ಸಣ್ಣ ಬಿಳಿ ಬಟ್ಟೆಯೊಂದನ್ನು ಹೊಲಿದು, ಯಾವ ತುಂಡು ಯಾರ ಉಡುಪಿನದು ಎಂದು ಬರೆದಿಡಬೇಕು, ಇಲ್ಲದಿದ್ದರೆ ನನ್ನ ಮಗಳ ಕಾಲಕ್ಕೆ ಇದು ಬರೀ ಚಂದದ ಹಳೆಯ ಬಟ್ಟೆಯಾಗಿ ಉಳಿಯುತ್ತದೆ. ಅಕ್ಕನಿಗೆ ಕೆಲವು ನೆನಪಿವೆ, ನನಗೆ ಕೆಲವು. ನಡುವಿನ ಹಸಿರು ಹೂವಿನ ತುಂಡು ಯಾರದೆಂದು ಇಬ್ಬರಿಗೂ ತಿಳಿಯದು. ಚಿಕ್ಕಮ್ಮನಿಗೆ ಗೊತ್ತಿರಬಹುದು, ಬೆಳಿಗ್ಗೆ ಫೋನ್ ಮಾಡಿ ಅದನ್ನು ಕೇಳಬೇಕು, ಹಾಗೆಯೇ ತಾತನ ಅಂಗಿಯ ಪಕ್ಕದಲ್ಲಿರುವ ಆ ಕಪ್ಪು ಉಣ್ಣೆಯ ತುಂಡಿನ ಬಗ್ಗೆಯೂ.