ಬಾದಾಮಿ ಬಂಡಿಯೊಳಗಿನ ನದಿ

ಬಾದಾಮಿಗೆ ಹೋದೋರೆಲ್ಲ ಒಂದನೇ ಗುಹೆದಾಗ ನಟರಾಜನ 18 ಕೈ ಎಣಿಸಿ, ಫೋಟೋ ತಗೊಂಡು, ಬನಶಂಕರಿಗೆ ಹೊಂಟುಬಿಡ್ತಾರ. ಈ ಸಲ ನಾವು ಮೂರ್ತಿಗಿಂತ ಕಲ್ಲು ನೋಡಾಕಂತನ ಹೋಗಿದ್ವಿ, ಯಾಕಂದ್ರ ಅಕ್ಕನ ಮಗಳಿಗೆ ಸಾಲ್ಯಾಗ ಶಿಲೆಗಳ ಪಾಠ ನಡದಿತ್ತು, ಅಂಥಾ ಪಾಠಕ್ಕ ನಮ್ಮ ಬಾಗಲಕೋಟಿ ಜಿಲ್ಲಾದಕ್ಕಿಂತ ಚಲೋ ಜಾಗ ಎಲ್ಲಿ ಸಿಗತೈತಿ ಹೇಳ್ರಿ.

ಬಾಗಲಕೋಟಿಯಿಂದ ಗುಳೇದಗುಡ್ಡದ ಮ್ಯಾಲೆ ಹಾದು ಬಸ್ಸಿನ್ಯಾಗ ಹೋದ್ವಿ. ಕೆಂಪು ಗುಡ್ಡ ಶುರುವಾದ್ವು ಅಂದ್ರ ಬಾದಾಮಿ ಬಂತು ಅಂತನ ಲೆಕ್ಕ.

ಮೂರನೇ ಗುಹೆ 578ರಾಗ ಚಾಲುಕ್ಯರ ಮಂಗಲೇಶ ಮಾಡ್ಸಿದ್ದು, ಅಲ್ಲೇ ಶಾಸನ ಐತಿ. ಅಲ್ಲಿ ಕಂಬ ಹತ್ರ ನಿಂತು ನೋಡ್ರಿ, ಕೆತ್ತನಿ ಬಿಟ್ಟು ಬರೇ ಕಲ್ಲು ನೋಡ್ರಿ: ಕೆಂಪು, ಗುಲಾಬಿ, ಬಿಳಿ ಪಟ್ಟಿ ಒಂದರ ಮ್ಯಾಲೊಂದು. ಇದು ಮರಳುಗಲ್ಲು. ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿಂದು, ಅಂದ್ರ ತುಕ್ಕಿನ ಜಾತಿದ. ಹಾದ್ಯಾಗ ಉದುರಿ ಬಿದ್ದಿದ್ದ ಒಂದು ಚೂರು ಅಕಿ ಬೆರಳಿಲೆ ತಿಕ್ಕಿದ್ರ ಮರಳು ಕೈಗೆ ಬಂತು, ಬಿಸಲಿಗೆ ಹಿಡದ್ರ ಫಳಫಳ ಹೊಳೀತು, ಅದು ಕ್ವಾರ್ಟ್ಜ್ ಅನ್ನೋ ಖನಿಜ.

ಆಮ್ಯಾಲ ಕೆರಿ ಆಚೆ ಉತ್ತರದ ಕೋಟಿ ಹತ್ತಿದ್ವಿ. ಎರಡೂ ಕಡೆ ಸೀದಾ ಗ್ವಾಡಿ ಹಂಗ ಬಂಡಿ, ನಡುವ ಸಣ್ಣ ದಾರಿ. ಬಂಡಿಯೊಳಗ ಮೊದಲಿಂದ ಇದ್ದ ಉದ್ದನ್ನ ಬಿರುಕು ಮಳಿ ನೀರಿಗೆ ಸವದು ಅಗಲಾಗಿ ಇಂಥಾ ಓಣಿ ಆಗ್ಯಾವು. ಅಲ್ಲೇ ಅಕಿ ನಿಂತಬಿಟ್ಲು. "ಮಾಮಾ, ಮ್ಯಾಲಿನ ಗೆರಿ ಅಡ್ಡ ಅದಾವು, ನಡುವಿನ್ವು ಯಾಕ ಓರೆ ಅದಾವು?"

ನನಗ ಭಾಳ ಖುಷಿ ಆತು, ಯಾಕಂದ್ರ ಇಡೀ ಬಾದಾಮಿ ಕತಿ ಆ ಓರೆ ಗೆರಿಯೊಳಗ ಐತಿ. ಹರಿಯೋ ನೀರು ತಳದಾಗ ಮರಳಿನ ದಿಬ್ಬ ಮಾಡತೈತಿ, ಹಿಂದಿನ ಇಳಿಜಾರಿನ್ಯಾಗ ಮರಳು ಉರುಳಸ್ಕೋಂತ ಮ್ಯಾಲ ತಂದು ಮುಂದಿನ ಇಳಿಜಾರಿಗೆ ಕೆಡವತೈತಿ, ಹಂಗ ಪದರ ಮ್ಯಾಲ ಪದರ ಓರೆಯಾಗೇ ಕೂಡ್ತಾವು, ಮುಂದ ಜೋರು ನೀರು ಬಂದು ದಿಬ್ಬದ ತಲಿ ಕೊಚ್ಚಿಕೊಂಡು ಹೋಗಿ ಅದರ ಮ್ಯಾಲ ಹೊಸಾ ಮರಳು ಹಾಸತೈತಿ. ಅದಕ್ಕ ಓರೆ ಗೆರಿ ಯಾ ಕಡೆ ಇಳದಾವೋ ನೀರು ಆ ಕಡೆ ಹರದಿತ್ತು ಅಂತ ತಿಳೀಬೇಕು. ನಡುನಡುವ ಉರುಟು ಹರಳು ಕಲ್ಲಿನ ಸಾಲೂ ಕಾಣತಾವು, ಅಷ್ಟು ಭಾರ ಹೊರಾಕ ನೀರಿಗೆ ಸೆಳವು ಜೋರಿರಬೇಕು. ಭೂಮಿ ಮ್ಯಾಲ ಒಂದು ಹುಲ್ಲಕಡ್ಡಿ ಸಹಿತ ಹುಟ್ಟೋಕಿಂತ ಮೊದಲಿನ ನದಿ ಇದು, ದಂಡಿ ಮ್ಯಾಲ ಗಿಡ ಇಲ್ಲ, ಹಕ್ಕಿ ಇಲ್ಲ, ಬರೇ ಮರಳು, ನೀರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಾಗನ ಈ ಸೀಮಿ ಎಲ್ಲಾ ಅಡ್ಡಾಡಿ ಬರದಾನ, ನಮ್ಮ ಜಿಲ್ಲಾದ ಕಲಾದಗಿ ಊರಿನ ಹೆಸರು ಈ ಕಲ್ಲುಗಳ ಗುಂಪಿಗೆ ಬಂದು ಭೂವಿಜ್ಞಾನದ ಪುಸ್ತಕದಾಗ ಸೇರೇತಿ.

ಅಕಿ ಅಂಗೈ ಹಚ್ಚಿ ಆ ಇಳಿಜಾರು ಅಳದು, "ಹಂಗಾರ ನೀರು ಹಿಂಗ ಹೊಂಟಿತ್ತು" ಅಂತ ಕೈ ಮಾಡಿ ತೋರ್ಸಿದ್ಲು.

ಊಟ ಬನಶಂಕರಿದಾಗ, ರೊಟ್ಟಿ, ಶೇಂಗಾ ಚಟ್ನಿ, ಸಣ್ಣ ಮಣ್ಣಿನ ಗಡಿಗ್ಯಾಗಿನ ಗಟ್ಟಿ ಮೊಸರು. ನೀವು ಹೋಗೋದಾದ್ರ ಸಂಜಿ ಮುಂದ ಕೋಟಿ ಕಡೆ ಹೋಗ್ರಿ, ಬಿಸಲು ಓರೆ ಬಿದ್ದಾಗ ಗೆರಿ ಎದ್ದು ಕಾಣತಾವು. ತಿನ್ನೋದು ಕೈಯಾಗ ಹಿಡಿಬ್ಯಾಡ್ರಿ, ಮಂಗ್ಯಾ ಭಾಳ ಅದಾವು.